ಬೀಳುವುದಕ್ಕೊಂದು ಅಂಗಿ

ಮಧ್ಯಾಹ್ನ ಎರಡೂವರೆಗೆ, ಅಂದರೆ ಕೆಲಸ ಇದ್ದವರು ಕೆಲಸದಲ್ಲೂ ಇಲ್ಲದವರು ನಿದ್ದೆಯಲ್ಲೂ ಇರುವ ಹೊತ್ತಿಗೆ, ಟೀವಿಯವರು ಆ ಹಳೆಯ ಪೊಲೀಸ್ ಧಾರಾವಾಹಿಯನ್ನು ಮೊದಲಿನಿಂದ ಮತ್ತೆ ತೋರಿಸತೊಡಗಿದರು. ‘ಹನ್ನೆರಡು ದ್ವೀಪಗಳ ಠಾಣೆ’. ನಲವತ್ತು ವರ್ಷದ ಹಿಂದೆ ಅದು ಬರುವ ಸಂಜೆ ಬೀದಿಯಲ್ಲಿ ನಾಯಿ ಕೂಡ ಕಾಣಿಸುತ್ತಿರಲಿಲ್ಲವಂತೆ. ಈಗ ಇಡೀ ಬೀದಿಯಲ್ಲಿ ಅದನ್ನು ನೋಡುತ್ತಿದ್ದವಳು ಸೂಜಿಯಕ್ಕ ಒಬ್ಬಳೇ.

ಸೂಜಿಯಕ್ಕ ಆ ಧಾರಾವಾಹಿಯ ಬಟ್ಟೆ ವಿಭಾಗದಲ್ಲಿದ್ದವಳು. ಬಟ್ಟೆ ವಿಭಾಗ ಅಂದರೆ ಒಂದು ಡೇರೆ, ಒಂದು ಹೊಲಿಗೆ ಮೆಷಿನ್ನು, ಒಂದು ಇಸ್ತ್ರಿಪೆಟ್ಟಿಗೆ ಮತ್ತು ಅವಳು. ಹಿಡಿಯಷ್ಟು ಮೈ, ಚುಚ್ಚುವ ಬಾಯಿ. ಎರಡಕ್ಕೂ ಸೇರಿಸಿ ಆಗ ಯಾರೋ ಇಟ್ಟ ಹೆಸರು ಅರವತ್ತಾರು ದಾಟಿದರೂ ಮಾಸಿರಲಿಲ್ಲ. ಈಗ ಅವಳು ಇರುವುದು ತಮ್ಮನ ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಅದರ ಎದುರಿಗೆ ಟೀವಿ. ಫಾಲ್ ಹಾಕುತ್ತ, ಜಿಪ್ ಬದಲಾಯಿಸುತ್ತ, ಅವಳು ತನ್ನ ಯೌವನವನ್ನು ಜಾಹೀರಾತುಗಳ ಸಮೇತ ನೋಡುತ್ತಿದ್ದಳು.

“ಬಾರೋ, ನಿನ್ನ ತೆಂಗಿನಮರ ಬಂತು!” ಎಂದು ಮೆಟ್ಟಿಲ ಕಡೆಗೆ ಕೂಗುತ್ತಿದ್ದಳು.

ಕೆಳಗಿನಿಂದ ಅರದ ಸದ್ದು ಒಂದು ಕ್ಷಣ ನಿಂತು, “ನೋಡಿದೀನಿ ಬಿಡಕ್ಕ,” ಎಂಬ ಉತ್ತರ ಬಂದು, ಮತ್ತೆ ಅರದ ಸದ್ದು ಶುರುವಾಗುತ್ತಿತ್ತು.

ತೆಂಗಿನಮರಗಳು ತಮ್ಮನವೇ. ಹನ್ನೆರಡು ದ್ವೀಪಗಳೆಂದು ಹೆಸರಿಟ್ಟವರ ಹತ್ತಿರ ಇದ್ದದ್ದು ಒಂದೇ ದ್ವೀಪ. ಕ್ಯಾಮೆರಾ ಒಂದು ಸುತ್ತು ತಿರುಗಿದರೆ ದ್ವೀಪ ಬದಲಾಗುತ್ತಿತ್ತು. ಅಲ್ಲಿದ್ದ ನಿಜವಾದ ತೆಂಗಿನಮರಗಳು ಮೂರು. ಉಳಿದವಕ್ಕೆ ತಗಡಿನ ಗರಿ ಕತ್ತರಿಸಿ, ಹಸಿರು ಬಣ್ಣ ಬಳಿದು, ಬುಡಕ್ಕೆ ಚಕ್ರ ಹಾಕಿ, ಬೇಕಾದ ದ್ವೀಪಕ್ಕೆ ತಳ್ಳಿಕೊಂಡು ಹೋಗುವ ಕೆಲಸ ತಮ್ಮನದು. ಆಗವನಿಗೆ ಇಪ್ಪತ್ತೆರಡು. ಎತ್ತರ, ಭುಜ, ನಡಿಗೆ ಎಲ್ಲ ಧಾರಾವಾಹಿಯ ಇನ್ಸ್‌ಪೆಕ್ಟರಿಗೆ ಹೊಂದುತ್ತಿತ್ತು. ಹಾಗಾಗಿ ಇನ್ಸ್‌ಪೆಕ್ಟರ್ ಓಡಬೇಕಾದಾಗ, ಏಳಬೇಕಾದಾಗ, ಬೀಳಬೇಕಾದಾಗ, ಅಂದರೆ ಸುಮ್ಮನೆ ನಿಂತು ಹುಬ್ಬು ಗಂಟಿಕ್ಕುವುದೊಂದನ್ನು ಬಿಟ್ಟು ಬೇರೆ ಏನು ಮಾಡಬೇಕಾದಾಗಲೂ, ತೆಂಗಿನಮರ ಬಿಟ್ಟು ಇವನು ಓಡಿ ಬರಬೇಕಿತ್ತು.

ಇನ್ಸ್‌ಪೆಕ್ಟರ್ ಪಾತ್ರ ಮಾಡಿದವರನ್ನು ಎಲ್ಲರೂ ಸಾಹೇಬರು ಎಂದೇ ಕರೆಯುತ್ತಿದ್ದರು, ಇವತ್ತಿಗೂ ಕರೆಯುತ್ತಾರೆ. ಆ ಧಾರಾವಾಹಿ ಮುಗಿದ ಮೇಲೆ ಅವರು ನಟಿಸಿದ್ದು ಕಡಿಮೆ. ಅದರ ಬಗ್ಗೆ ಮಾತಾಡಿದ್ದೇ ಹೆಚ್ಚು. ಅವರ ಮಾತಿನ ಶಿಖರ ಒಂದೇ: ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರಿದ ದೃಶ್ಯ. ಕಳ್ಳಸಾಗಣೆಯವನ ದೋಣಿಯನ್ನು ಹಿಡಿಯಲು ಹೂವಿನ ಅಂಗಿ ತೊಟ್ಟ ಇನ್ಸ್‌ಪೆಕ್ಟರ್ ಕೈಚಾಚಿ ಹಾರುವ ಆ ನಾಲ್ಕು ಸೆಕೆಂಡನ್ನು ಜನ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದರು. ಮೊದಲ ಸಂದರ್ಶನದಲ್ಲಿ ಬಂಡೆಯ ಎತ್ತರ ಮೂವತ್ತು ಅಡಿ. ಮಕ್ಕಳು ಬೆಳೆದ ಹಾಗೆ ಬಂಡೆಯೂ ಬೆಳೆಯಿತು. ಹೋದ ವರ್ಷ ಯಾವುದೋ ಪತ್ರಿಕೆಯಲ್ಲಿ ಅದು ತೊಂಬತ್ತು ಮುಟ್ಟಿತ್ತು, ಕೆಳಗೆ ಒಂದೆರಡು ಶಾರ್ಕುಗಳೂ ಸೇರಿಕೊಂಡಿದ್ದವು.

ಆ ಪತ್ರಿಕೆ ಓದಿದ ದಿನ ಸೂಜಿಯಕ್ಕ ಊಟ ಬಿಟ್ಟಿದ್ದಳು. ಹಾರಿದ್ದು ಸಾಹೇಬರಲ್ಲ, ತನ್ನ ತಮ್ಮ. ಹಾರಿ, ನೀರೊಳಗಿನ ಕಲ್ಲಿಗೆ ಬಲ ಮಂಡಿ ಬಡಿದು, ಇವತ್ತಿಗೂ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುವವನು. ನಲವತ್ತು ವರ್ಷದಿಂದ ಆ ಮಂಡಿಗೆ ಬಿಸಿನೀರು ಕಾಯಿಸಿ, ಚೀಲಕ್ಕೆ ತುಂಬಿ, ಮೇಲೊಂದು ಬಟ್ಟೆ ಸುತ್ತಿ ಕಟ್ಟುತ್ತ ಬಂದವಳು ಅವಳು. ಬೇರೆಯವರ ಮನೆಯಲ್ಲಿ ಗೋಡೆಗೆ ಪದಕ ನೇತುಹಾಕಿದ್ದರೆ ಇವರ ಮನೆಯಲ್ಲಿ ಬಿಸಿನೀರಿನ ಚೀಲ.

“ನೀನೊಂದು ಮಾತು ಹೇಳೋ. ಪತ್ರಿಕೆಯವರಿಗೆ ಒಂದು ಕಾಗದ ಬರಿ.”

“ಬಿಟ್ಬಿಡಕ್ಕ. ಹಳೇ ಕಥೆ.”

“ನಿನ್ನ ಈ ಒಳ್ಳೇತನದಿಂದಾನೇ ಅವರು ಬೆಳೆದಿದ್ದು!”

ತಮ್ಮ ಅಡ್ಡಡ್ಡ ಇಳಿದು ಹೋಗುತ್ತಿದ್ದ. ಅವನಷ್ಟು ವಿನಯವಂತ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದು ಸೂಜಿಯಕ್ಕನ ಖಚಿತ ಅಭಿಪ್ರಾಯ.

ಹೀಗಿರುವಾಗ ಟೀವಿ ಕಚೇರಿಯಿಂದ ಫೋನು ಬಂತು. ನಲವತ್ತು ವರ್ಷದ ನೆನಪಿಗೆ ವಿಶೇಷ ಕಾರ್ಯಕ್ರಮ ಮಾಡುತ್ತಿದ್ದಾರೆ. ಸಾಹೇಬರು ಆ ಹೂವಿನ ಅಂಗಿಯನ್ನು ಮತ್ತೆ ತೊಡಬೇಕೆಂದು ಆಸೆಪಟ್ಟಿದ್ದಾರೆ. ಅದೇ ನಮೂನೆಯ ಅಂಗಿ ಹೊಲಿದುಕೊಡಲಾದೀತೇ? ಅಂಗಿ ಕೊಡುವಾಗ ಕ್ಯಾಮೆರಾ ಮುಂದೆ ಎರಡು ಮಾತು ಆಡಲಾದೀತೇ?

“ಎರಡಾ?” ಎಂದಳು ಸೂಜಿಯಕ್ಕ. “ಆಗ್ಲಿ, ನೋಡೋಣ.”

ಅಳತೆ ಕೊಡಲು ಸಾಹೇಬರೇ ಬಂದರು. ಎಪ್ಪತ್ತೈದಾದರೂ ಕೂದಲು ಕಪ್ಪಗೆ ಕಾಗೆಯನ್ನು ನಾಚಿಸುತ್ತಿತ್ತು. ಮೆಟ್ಟಿಲು ಹತ್ತಿದ್ದಕ್ಕೆ ಮೂರು ನಿಮಿಷ ಏದುಸಿರು ಬಿಟ್ಟು, ಮತ್ತೆ ಮೂರು ನಿಮಿಷ ಕಿಟಕಿ ಹಿಡಿದುಕೊಂಡು ದೂರದ ಕ್ಷಿತಿಜವನ್ನು ದಿಟ್ಟಿಸಿದರು. ಎದುರಿಗಿದ್ದದ್ದು ನೀರಿನ ಟ್ಯಾಂಕು.

“ಏನಮ್ಮ, ಅದೇ ಹಳೇ ಅಳತೆ ನೆನಪಿದೆಯಾ?”

“ನೆನಪಿದೆ ಸಾಹೇಬ್ರೆ. ನೆನಪಿರೋದು ನನಗೆ, ನಿಮ್ಮ ಹೊಟ್ಟೆಗಲ್ಲ. ಕೈ ಎತ್ತಿ.”

ಟೇಪು ಒಂದು ಸುತ್ತು ಬಂದು ತುದಿ ಮುಟ್ಟಲು ಸ್ವಲ್ಪ ಯೋಚಿಸಿತು. ಸಾಹೇಬರು ಉಸಿರು ಒಳಗೆಳೆದು ಹಿಡಿದರು. ಸೂಜಿಯಕ್ಕ ಬರೆದುಕೊಳ್ಳುವ ನೆಪದಲ್ಲಿ ಪೆನ್ಸಿಲನ್ನು ಹುಡುಕುತ್ತ, ಚೂಪು ಮಾಡುತ್ತ, ಅವರು ಉಸಿರು ಬಿಡುವ ತನಕ ಕಾದು, ಆಮೇಲೆ ಬರೆದುಕೊಂಡಳು. ತಮ್ಮ ಅಷ್ಟು ಹೊತ್ತೂ ಅಂಗಡಿಯಿಂದ ಮೇಲಕ್ಕೆ ಬರಲಿಲ್ಲ. ಕೆಳಗಿನಿಂದ, ಯಾವ ಬೀಗಕ್ಕೂ ಬೇಕಿಲ್ಲದಷ್ಟು ಜೋರಾಗಿ, ಅರ ಉಜ್ಜುವ ಸದ್ದು ಮಾತ್ರ ಬರುತ್ತಿತ್ತು.

ಮುಂದಿನ ವಾರ ಕ್ಯಾಮೆರಾದವರು ಬಂದರು. ನಿರೂಪಕಿ ಎಂಬ ಹುಡುಗಿ ಬಹಳ ನಯವಾಗಿ ಮಾತಾಡುತ್ತಿದ್ದಳು. ಧಾರಾವಾಹಿ ಬಂದಾಗ ಅವಳಿನ್ನೂ ಹುಟ್ಟಿರಲಿಲ್ಲ. ಆದರೂ ಪ್ರತಿ ಮಾತಿಗೂ “ಆ ಸುವರ್ಣ ದಿನಗಳು” ಎಂದು ನಿಟ್ಟುಸಿರು ಬಿಡುತ್ತಿದ್ದಳು. ಸೂಜಿಯಕ್ಕನನ್ನು ಮೆಷಿನ್ನಿನ ಮುಂದೆ ಕೂರಿಸಿ, ಹೊಲಿಯದೇ ಇರುವ ಬಟ್ಟೆಯನ್ನು ಹೊಲಿಯುವಂತೆ ಹಿಡಿಸಿ, ಕೇಳಿದಳು:

“ಅಮ್ಮ, ಆ ಐತಿಹಾಸಿಕ ಅಂಗಿಯ ಬಗ್ಗೆ ಹೇಳಿ.”

“ಅಂಗಿ ಅಲ್ಲಮ್ಮ, ಅಂಗಿಗಳು. ಒಂದೊಂದು ಬಟ್ಟೇಲಿ ಮೂರು ಮೂರು ಹೊಲೀತಿದ್ದೆ. ಮಾತಿಗೊಂದು, ಓಟಕ್ಕೊಂದು, ಬೀಳೋದಕ್ಕೊಂದು. ಓಟದ್ದಕ್ಕೆ ಕಂಕುಳಲ್ಲಿ ಒಂದು ತುಂಡು ಜಾಸ್ತಿ ಕೊಡ್ತಿದ್ದೆ. ಬೀಳೋದಕ್ಕೆ ಎರಡೆರಡು ಹೊಲಿಗೆ, ಗುಂಡಿ ಬದಲು ಒತ್ತುಗುಂಡಿ. ಮೂರರಲ್ಲಿ ಸಾಹೇಬ್ರದು ಒಂದೇ.”

“ಯಾವುದಮ್ಮ?”

“ಮಾತಿಂದು.”

ಕ್ಯಾಮೆರಾ ಹಿಡಿದವನು ಕೆಮ್ಮಿದ. ನಿರೂಪಕಿ ನಗು ಬಿಡದೆ, “ಆದರೆ ಬಂಡೆಯಿಂದ ಹಾರಿದ ಆ ದೃಶ್ಯ...” ಎಂದಳು.

ಸೂಜಿಯಕ್ಕ ಬಟ್ಟೆಯನ್ನು ಕೆಳಗಿಟ್ಟಳು. ನಲವತ್ತು ವರ್ಷ ಬಾಯೊಳಗೇ ಇಟ್ಟುಕೊಂಡಿದ್ದ ಗುಂಡುಸೂಜಿಗಳನ್ನೆಲ್ಲ ಒಂದೊಂದಾಗಿ ಹೊರತೆಗೆದಳು. “ಸಾಹೇಬ್ರು ಹಾರಿದ್ರು ಅಂತ ಊರೆಲ್ಲ ಅಂದ್ಕೊಂಡಿದೆ. ಆವತ್ತು ಸಾಹೇಬ್ರಿಗೆ ನೆಗಡಿ. ಛತ್ರಿ ಕೆಳಗೆ ಕೂತು ಮೂಗಿಗೆ ಹಬೆ ತಗೋತಿದ್ರು. ಹಾರಿದ್ದು ನನ್ನ ತಮ್ಮ. ಕೆಳಗಡೆ ಅಂಗಡೀಲಿ ಕೂತಿದಾನೆ, ಹೋಗಿ ಮಂಡಿ ನೋಡಿ.”

ಅವರು ಕೆಳಗೆ ಹೋಗುವಷ್ಟರಲ್ಲಿ ಅಂಗಡಿಗೆ ಬಾಗಿಲು ಬಿದ್ದಿತ್ತು. ತಮ್ಮನಿಗೆ ಎಲ್ಲೋ ಬಾಗಿಲು ಒಡೆಯುವ ತುರ್ತು ಕರೆ ಬಂದಿತ್ತಂತೆ.

ಕಾರ್ಯಕ್ರಮ ಪ್ರಸಾರವಾದ ದಿನ ಸೂಜಿಯಕ್ಕ ಪಕ್ಕದ ಮನೆಯವರನ್ನೂ ಎದುರು ಮನೆಯವರನ್ನೂ ಕರೆದು ಕೂರಿಸಿಕೊಂಡಿದ್ದಳು. ಸಾಹೇಬರು ಹೊಸ ಹೂವಿನ ಅಂಗಿ ತೊಟ್ಟು, ಕಡಲದಂಡೆಯಲ್ಲಿ ನಿಂತು, ತೊಂಬತ್ತೈದು ಅಡಿಯ ಬಂಡೆಯ ಬಗ್ಗೆ ಗದ್ಗದಿತರಾದರು. ಮುಕ್ಕಾಲು ಗಂಟೆ ಕಳೆದ ಮೇಲೆ ಸೂಜಿಯಕ್ಕ ಬಂದಳು. ಅವಳು ಆಡಿದ ನಲವತ್ತು ನಿಮಿಷದ ಮಾತಿನಲ್ಲಿ ಉಳಿದದ್ದು ಎರಡೇ ಪದ.

“ಸಾಹೇಬ್ರು ಹಾರಿದ್ರು.”

ಅಷ್ಟೇ. ಆಮೇಲೆ ಸಂಗೀತ, ಆಮೇಲೆ ಸೋಪಿನ ಜಾಹೀರಾತು. ‘ಅಂತ ಊರೆಲ್ಲ ಅಂದ್ಕೊಂಡಿದೆ’ ಎಂಬುದು ಕತ್ತರಿಸಿ ಬಿದ್ದ ಚಿಂದಿಯಾಗಿ ಎಲ್ಲಿಗೋ ಹೋಗಿತ್ತು. ಎದುರು ಮನೆಯವಳು, “ಚೆನ್ನಾಗಿ ಕಾಣ್ತಿದ್ರಿ,” ಎಂದು ಸಮಾಧಾನ ಹೇಳಿದಳು. ಸೂಜಿಯಕ್ಕ ತಾನೂ ಕತ್ತರಿ ಹಿಡಿದು ಬದುಕಿದವಳು. ಎಲ್ಲಿ ಹಾಕಿದರೆ ಗೊತ್ತಾಗುವುದಿಲ್ಲ ಎಂಬುದನ್ನು ಬಲ್ಲವಳು. ಇಷ್ಟು ಸ್ವಚ್ಛವಾದ ಕೆಲಸವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ತಮ್ಮ ಮಾತ್ರ ಆ ದಿನ ಎರಡು ಸಲ ಬಡಿಸಿಕೊಂಡು ಉಂಡ. “ಹೋಗ್ಲಿ ಬಿಡಕ್ಕ, ಮುಗೀತಲ್ಲ,” ಎಂದು ನಿರಾಳವಾಗಿ ಕೈ ತೊಳೆದ.

ಮುಗಿಯಲಿಲ್ಲ. ಮೂರನೆಯ ದಿನ ಕನ್ನಡಕದ ಹುಡುಗಿಯೊಬ್ಬಳು ಜಿಪ್ಪು ಕಿತ್ತುಹೋದ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಟೀವಿ ಕಚೇರಿಯಲ್ಲಿ ಎಡಿಟಿಂಗ್ ಕೆಲಸದವಳು. ಚೀಲವನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದಳು.

“ಅಮ್ಮ, ಕತ್ತರಿ ಹಾಕಿದ್ದು ನಾನು. ಹಾಕಿಸಿದ್ದು ಮೇಲಿನವ್ರು. ನನಗೆ ಎರಡು ದಿನದಿಂದ ಊಟ ಸೇರ್ತಿಲ್ಲ.”

“ಕೆಲಸ ಚೆನ್ನಾಗಿ ಕಲ್ತಿದೀಯ,” ಎಂದಳು ಸೂಜಿಯಕ್ಕ, ಜಿಪ್ಪನ್ನು ಎಳೆದು ನೋಡುತ್ತ.

“ಪೂರ್ತಿ ಇರೋದು ನನ್ನ ಹತ್ರ ಇದೆ. ನೀವು ಹೂಂ ಅಂದ್ರೆ ಫೋನಲ್ಲಿ ಎಲ್ರಿಗೂ ಹೋಗೋ ಹಾಗೆ ಮಾಡ್ತೀನಿ.”

ಸೂಜಿಯಕ್ಕ ಹೂಂ ಎನ್ನಲು ತಮ್ಮನನ್ನು ಕೇಳಲಿಲ್ಲ. ವಿನಯವಂತರನ್ನು ಕೇಳಿ ಮಾಡಿದ ಯಾವ ಒಳ್ಳೆಯ ಕೆಲಸ ಜಗತ್ತಿನಲ್ಲಿ ಆಗಿದೆ?

ನಾಲ್ಕು ದಿನದಲ್ಲಿ ‘ಮೂರರಲ್ಲಿ ಸಾಹೇಬ್ರದು ಒಂದೇ’ ಎಂಬ ಮಾತು ಲಕ್ಷಾಂತರ ಜನರ ಫೋನಿಗೆ ಹೋಯಿತು. ಧಾರಾವಾಹಿಯ ಒಂದೇ ಒಂದು ಕಂತನ್ನೂ ನೋಡದವರು ಅದರ ಬಗ್ಗೆ ಎದೆ ಬಡಿದುಕೊಂಡರು. ಅನ್ಯಾಯ, ಶೋಷಣೆ, ಮರೆತುಹೋದ ವೀರ. ಬೀಗದಂಗಡಿಯ ಮುಂದೆ ಬೀಗ ಇಲ್ಲದವರೂ ಬಂದು ನಿಂತು, ತಮ್ಮನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಕೆಲವರು ಮಂಡಿಯ ಫೋಟೊವನ್ನೂ ಕೇಳಿದರು. ತಮ್ಮ ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತ ಹೋದ. ಇದೂ ವಿನಯವೇ ಎಂದುಕೊಂಡಳು ಸೂಜಿಯಕ್ಕ.

ಟೀವಿಯವರು ಬಹಳ ದೊಡ್ಡ ಮನಸ್ಸಿನವರು. ತಾವೇ ಕತ್ತರಿಸಿದ ಸತ್ಯವನ್ನು ತಾವೇ ಕಂಡುಹಿಡಿದವರಂತೆ ಘೋಷಿಸಿದರು: ‘ತೆರೆಯ ಹಿಂದಿನ ವೀರ’ನಿಗೆ ಸನ್ಮಾನ, ನೇರ ಪ್ರಸಾರ, ಭಾನುವಾರ ಮಧ್ಯಾಹ್ನ. ಸಾಹೇಬರೂ ಬಂದರು, ಈ ಸಲ ಮೆಟ್ಟಿಲು ಹತ್ತುವ ಮೊದಲೇ ಕ್ಯಾಮೆರಾ ಮುಂದೆ ತಮ್ಮನನ್ನು ಬಾಚಿ ತಬ್ಬಿಕೊಂಡು, “ನಾನು ಎಲ್ಲ ಕಡೆ ಹೇಳ್ತಾನೇ ಬಂದಿದೀನಿ, ಯಾರೂ ಬರೀಲಿಲ್ಲ,” ಎಂದರು. ತಬ್ಬಿದ ಜೋರಿಗೆ ಹೊಸ ಅಂಗಿಯ ಎರಡನೆಯ ಗುಂಡಿ ಕಿತ್ತು ಬೀಗಗಳ ಡಬ್ಬಕ್ಕೆ ಬಿತ್ತು.

ಭಾನುವಾರ ಬೆಳಗ್ಗೆ ಸೂಜಿಯಕ್ಕ ತಮ್ಮನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಕಾಲರಿಗೆ ನೀರು ಚಿಮುಕಿಸುತ್ತ, ವೇದಿಕೆಯಲ್ಲಿ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಮಂಡಿಯನ್ನು ಯಾವಾಗ ಮುಟ್ಟಿಕೊಳ್ಳಬೇಕು ಎಂದು ಹೇಳಿಕೊಡುತ್ತಿದ್ದಳು. ತಮ್ಮ ಮೆಟ್ಟಿಲ ಬಾಯಲ್ಲಿ ಕೂತಿದ್ದ.

“ಅಕ್ಕ, ನಾನು ಹೋಗಲ್ಲ.”

“ಅತಿ ವಿನಯ ಧೂರ್ತ ಲಕ್ಷಣ. ಏಳು.”

“ಅಕ್ಕ, ಹಾರಿದ್ದು ನಾನಲ್ಲ.”

ಇಸ್ತ್ರಿಪೆಟ್ಟಿಗೆ ನಿಂತಿತು.

“ಮತ್ತೆ? ಸಾಹೇಬ್ರಾ?”

“ಛೆ, ಅವ್ರು ಎಲ್ಲಿ ಹಾರ್ತಾರೆ. ಹಾರಿದ್ದು ಅಡುಗೆಯವನು.”

ಆಮೇಲೆ ತಮ್ಮ, ಕೈಯಲ್ಲಿದ್ದ ಬೀಗವನ್ನು ಹಾಕುತ್ತ ತೆಗೆಯುತ್ತ, ಎಲ್ಲವನ್ನೂ ಹೇಳಿದ. ಅವತ್ತು ಅಂಗಿ ತೊಟ್ಟು ಬಂಡೆಯ ಮೇಲೆ ಹೋದದ್ದು ನಿಜ. ಕೆಳಗೆ ನೋಡಿದ್ದೂ ನಿಜ. ನೋಡಿದ ಮೇಲೆ ಕಾಲು ತನ್ನ ಮಾತು ಕೇಳಲಿಲ್ಲ. ನಿರ್ದೇಶಕರು ಕೆಳಗಿನಿಂದ ಧ್ವನಿವರ್ಧಕದಲ್ಲಿ ಮೊದಲು ಪ್ರೀತಿಯಿಂದ, ಆಮೇಲೆ ತಂದೆತಾಯಿಯನ್ನು ನೆನೆದು ಕೂಗಿದರು. ಒಂದು ಗಂಟೆಯಾಯಿತು. ಮೇಲೆ ಒಬ್ಬನೇ ನಿಂತಿದ್ದ ಇವನಿಗೆ ಚಹಾ ಕೊಡಲು ಯೂನಿಟ್ಟಿನ ಅಡುಗೆಯವನು ಕೆಟಲು ಹಿಡಿದುಕೊಂಡು ಏಣಿ ಹತ್ತಿ ಬಂದ. ಇವನ ಮುಖ ನೋಡಿದ, ಕೆಳಗೆ ನೋಡಿದ, ಬಿಸಿಲು ನೋಡಿದ.

“‘ಇದು ಮುಗಿಯೋ ತನಕ ಯಾರೂ ಊಟಕ್ಕೆ ಬರಲ್ಲ ಅಲ್ವೇನೋ?’ ಅಂದ. ಇಲ್ಲ ಅಂದೆ. ‘ಒಲೆ ಮೇಲೆ ಮೀನಿದೆ ಕಣೋ, ತೆಗಿ ಅಂಗಿ,’ ಅಂದ. ಹಾಕ್ಕೊಂಡ, ಹಾರಿಬಿಟ್ಟ. ಕೆಟಲು ನನ್ನ ಕೈಯಲ್ಲೇ ಇತ್ತು.”

“ಮಂಡಿ?”

“ಹಿಂದಿನ ಏಣಿ ಇಳೀತಿದ್ದೆ. ಕೆಟಲು ಹಿಡ್ಕೊಂಡಿದ್ನಲ್ಲ, ಜಾರಿ ಬುಡದ ನೀರಲ್ಲಿ ಕಲ್ಲಿನ ಮೇಲೆ ಬಿದ್ದೆ. ಬಿದ್ದವನನ್ನ ನೋಡಿ ಎಲ್ರೂ ಓಡಿ ಬಂದು, ಹಾರಿದವನು ಇವನೇ ಅಂದ್ಕೊಂಡು ಎತ್ಕೊಂಡ್ರು. ಅವನು ಈಜಿ ಆ ಕಡೆ ದಡ ಸೇರಿ ಸೀದಾ ಒಲೆಗೆ ಹೋಗಿದ್ದ. ನಾನು ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಅಳ್ತಾ ಓಡಿ ಬಂದೆ. ‘ನನ್ನ ತಮ್ಮ ಹುಲಿ’ ಅಂದೆ. ಹುಲಿ ಅಂದ್ಮೇಲೆ ಏನು ಹೇಳ್ಲಿ?”

ಸೂಜಿಯಕ್ಕನಿಗೆ ಆ ಸಂಜೆ ಡೇರೆಗೆ ವಾಪಸು ಬಂದ ಒದ್ದೆ ಅಂಗಿ ನೆನಪಾಯಿತು. ಎರಡೂ ಪಕ್ಕದ ಹೊಲಿಗೆ, ತಾನೇ ಹಾಕಿದ ಜೋಡಿ ಹೊಲಿಗೆ, ಕಂಕುಳಿನಿಂದ ಸೊಂಟದ ತನಕ ಬಿಚ್ಚಿಕೊಂಡಿತ್ತು. ಗಾಳಿಯ ಹೊಡೆತ, ವೀರರ ರಭಸ ಎಂದುಕೊಂಡು ಅದನ್ನು ಎದೆಗೊತ್ತಿಕೊಂಡಿದ್ದಳು. ತಮ್ಮನ ಎರಡರಷ್ಟು ಅಗಲದ ಅಡುಗೆಯವನು ಅದರೊಳಗೆ ತೂರಿಕೊಂಡಿದ್ದ ಎಂಬುದು ದರ್ಜಿಯಾದವಳಿಗೆ ಹೊಳೆಯಲಿಲ್ಲ. ವಾಸನೆ ಕೂಡ ಬಂದಿತ್ತು. ಮೀನಿನ ವಾಸನೆ. ಸಮುದ್ರದ್ದು ಎಂದುಕೊಂಡಿದ್ದಳು.

“ನಲವತ್ತು ವರ್ಷ ನಿನ್ನ ಮಂಡಿಗೆ ಬಿಸಿನೀರು ಕಾಯಿಸಿದೀನಲ್ಲೋ!”

“ಮಂಡಿ ನಿಜವಾಗ್ಲೂ ನೋಯ್ತಿತ್ತಕ್ಕ.”

ಅವಳು ಕತ್ತರಿ ಎತ್ತಿಕೊಂಡಳು, ಕೆಳಗಿಟ್ಟಳು. ನಗು ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಬಂಡೆಯನ್ನು ವರ್ಷಕ್ಕಿಷ್ಟು ಎಂದು ಬೆಳೆಸಿದ ಸಾಹೇಬರನ್ನು ಆಡಿಕೊಂಡವಳು ತಾನು. ತಾನು ಮನೆಯಲ್ಲೇ ಒಂದು ಹುಲಿಯನ್ನು ಬೆಳೆಸಿದ್ದಳು. ಸಾಹೇಬರಿಗಾದರೂ ತಾವು ಹಾರಿಲ್ಲ ಎಂಬುದು ಗೊತ್ತಿತ್ತು. ಕೊನೆಗೆ ಅವಳು ಇಸ್ತ್ರಿಯಾದ ಅಂಗಿಯನ್ನು ತಮ್ಮನ ತೊಡೆಯ ಮೇಲೆ ಎಸೆದಳು.

“ಹಾಕ್ಕೋ. ಹೋಗೋಣ. ಈಗ ನನಗೆ ಹೇಳಿದ್ದನ್ನೇ ಅಲ್ಲಿ ಹೇಳು. ಇಲ್ದಿದ್ರೆ ನಾನೇ ಹೇಳ್ತೀನಿ. ನಾನು ಹೇಳಿದ್ರೆ ಹೇಗಿರುತ್ತೆ ಅಂತ ನಿನಗೆ ಗೊತ್ತು.”

ಸ್ಟುಡಿಯೊದಲ್ಲಿ ಜನ ಕಿಕ್ಕಿರಿದಿದ್ದರು. ಹಿಂದೆ ತಗಡಿನ ತೆಂಗಿನಮರಗಳನ್ನು ನಿಲ್ಲಿಸಿದ್ದರು, ತಮ್ಮ ಮಾಡಿದವುಗಳಷ್ಟು ಚೆನ್ನಾಗಿರಲಿಲ್ಲ. ನಿರೂಪಕಿ ಈ ಸಲ ಮೊದಲೇ ಕರವಸ್ತ್ರ ಹಿಡಿದುಕೊಂಡು ಬಂದಿದ್ದಳು. ಆ ನಾಲ್ಕು ಸೆಕೆಂಡನ್ನು ದೊಡ್ಡ ಪರದೆಯ ಮೇಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಹಿಂದುಮುಂದಾಗಿ ತೋರಿಸಿದರು. ಹಿಂದುಮುಂದಾಗಿ ತೋರಿಸಿದಾಗ ವೀರ ನೀರಿನಿಂದ ಎದ್ದು ಬಂಡೆಗೆ ವಾಪಸು ಹೋಗಿ ನಿಂತ. ಈಗ ತಿಳಿದು ನೋಡಿದರೆ ಆ ಅಗಲವಾದ ಬೆನ್ನು ಯಾರದೆಂದು ಕುರುಡನಿಗೂ ಕಾಣುತ್ತಿತ್ತು.

ತಮ್ಮ ಮೈಕಿನ ಮುಂದೆ ನಿಂತ. ಒಂದೂ ಬಿಡದೆ ಹೇಳಿದ: ಹೆದರಿದ್ದು, ಕೆಟಲು, ಏಣಿ, ಅಡುಗೆಯವನು. “ಹಾರಿದ್ದು ನಾನಲ್ಲ. ನಾನು ಬಿದ್ದೆ, ಅಷ್ಟೇ.”

ಸೂಜಿಯಕ್ಕ ಕಣ್ಣು ಮುಚ್ಚಿಕೊಂಡಳು.

ಚಪ್ಪಾಳೆ ಗುಡುಗಿತು.

“ಎಂಥ ವಿನಯ!” ಎಂದಳು ನಿರೂಪಕಿ ಕಣ್ಣೊರೆಸಿಕೊಳ್ಳುತ್ತ. “ತಾನು ಮಾಡಿದ ಸಾಹಸವನ್ನು ಒಬ್ಬ ಸಾಮಾನ್ಯ ಅಡುಗೆಯವನಿಗೆ ಧಾರೆಯೆರೆದು ಕೊಡುವ ಈ ದೊಡ್ಡತನ ಇಂದಿನ ಪೀಳಿಗೆಗೆ ಪಾಠ!”

“ಅಲ್ಲಮ್ಮ, ನಿಜವಾಗ್ಲೂ...” ಎಂದ ತಮ್ಮ. ಜನ ಎದ್ದು ನಿಂತರು.

ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ. ಮುಂದಿನ ಸಾಲಿನಿಂದ ಎದ್ದು, ಮೈಕಿಲ್ಲದೆಯೇ ಸ್ಟುಡಿಯೊದ ಮೂಲೆ ಮುಟ್ಟುವಂತೆ ಕೂಗಿದಳು: “ಅವ್ನು ನಿಜ ಹೇಳ್ತಿದಾನೆ ಕಣ್ರೀ! ಅವ್ನು ಹೆದರುಪುಕ್ಕಲ!”

“ಅಕ್ಕನೂ ಅಷ್ಟೇ!” ಎಂದು ಯಾರೋ ಹನಿಗಣ್ಣಾದರು. ಚಪ್ಪಾಳೆ ಎರಡರಷ್ಟಾಯಿತು. ಆನೆಯನ್ನು ಹುಡುಕಲು ಬಂದವರಿಗೆ ಇಲಿ ತೋರಿಸಿದರೆ ಅದಕ್ಕೇ ಸೊಂಡಿಲು ಅಂಟಿಸಿ ಕೈಮುಗಿಯುತ್ತಾರೆ.

ಸಾಹೇಬರು ಅಷ್ಟು ಹೊತ್ತು ಯೋಚಿಸುತ್ತಿದ್ದರು. ವಿನಯಕ್ಕೆ ಇಷ್ಟು ಬೆಲೆಯಿದೆ ಎಂದು ಗೊತ್ತಾದದ್ದೇ ತಡ, ಮೈಕನ್ನು ಎಳೆದುಕೊಂಡು, “ನಾನೂ ಹಾರಲಿಲ್ಲ!” ಎಂದು ಘೋಷಿಸಿದರು. ಅವರಿಗೂ ಚಪ್ಪಾಳೆ ಬಿತ್ತು. ಹೀಗೆ ಒಂದೇ ಮಧ್ಯಾಹ್ನದಲ್ಲಿ ಇಬ್ಬರು ಹಾರದವರು ಹಾರಿಲ್ಲವೆಂಬ ಕಾರಣಕ್ಕೇ ವೀರರಾದರು. ತಮ್ಮನ ಕೈಗೆ ಒಂದು ಹಿತ್ತಾಳೆ ಫಲಕ ಬಂತು. ‘ಕಡಲಿಗೆ ಹಾರಿದ ಧೀರನಿಗೆ’ ಎಂದು ಅದರಲ್ಲಿ ಮೊದಲೇ ಕೆತ್ತಿಸಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ಫಲಕ ಇಬ್ಬರ ನಡುವೆ ಕೂತಿತ್ತು. ಎರಡು ನಿಲ್ದಾಣ ಕಳೆದ ಮೇಲೆ ಸೂಜಿಯಕ್ಕ ಕೇಳಿದಳು:

“ಅವ್ನು ಬದುಕಿದಾನೇನೋ?”

“ಯಾರು?”

“ಹಾರಿದವನು.”

ಕನ್ನಡಕದ ಹುಡುಗಿಯೇ ಹಳೆಯ ಕಡತ ತಡಕಾಡಿ, ನಾಲ್ಕು ಕಡೆ ಫೋನು ಮಾಡಿ ವಿಳಾಸ ಹುಡುಕಿಕೊಟ್ಟಳು. ಮೂರು ಗಂಟೆ ಬಸ್ಸಿನ ದಾರಿ. ವಿದ್ಯಾರ್ಥಿಗಳ ಹಾಸ್ಟೆಲೊಂದರ ಹಿಂದೆ ಒಂದು ಹಂಚಿನ ಮನೆ. ಹಾಸ್ಟೆಲಿನ ಅಡುಗೆ ಈಗ ಅವನ ಮಗಳು ನೋಡಿಕೊಳ್ಳುತ್ತಿದ್ದಳು. ಅವನು ಹಿತ್ತಲ ಕಟ್ಟೆಯ ಮೇಲೆ, ಮೊಣಕಾಲ ನಡುವೆ ಬುಟ್ಟಿ ಇಟ್ಟುಕೊಂಡು ಈರುಳ್ಳಿ ಸುಲಿಯುತ್ತಿದ್ದ. ಎಂಬತ್ತರ ಹತ್ತಿರ. ಮೈ ಸಣ್ಣಗಾಗಿದ್ದರೂ ಭುಜದ ಅಗಲ ಹಾಗೇ ಇತ್ತು. ಸೂಜಿಯಕ್ಕನ ಕಣ್ಣು ತಾನಾಗಿಯೇ ಅಳತೆ ತೆಗೆದುಕೊಂಡಿತು. ಹೊಲಿಗೆ ಬಿಚ್ಚದೆ ಇನ್ನೇನಾದೀತು.

ಅವನಿಗೆ ಇವರ ಗುರುತು ತಕ್ಷಣ ಸಿಕ್ಕಿತು. “ಸೂಜಿ ಅಲ್ವಾ ನೀನು! ಇವ್ನು ತೆಂಗಿನಮರದ ಹುಡುಗ,” ಎಂದು ಅರವತ್ತೆರಡು ದಾಟಿದ ತಮ್ಮನನ್ನು ತೋರಿಸಿ ನಕ್ಕ. ಕೂರಲು ಎರಡು ಮಣೆ ತರಿಸಿದ. ಸೂಜಿಯಕ್ಕನ ಕೈಗೆ ಕೇಳದೆಯೇ ಒಂದು ಚಾಕು ಕೊಟ್ಟ. ಅವಳೂ ಸುಲಿಯತೊಡಗಿದಳು.

ತಮ್ಮ ಫಲಕವನ್ನು ಚೀಲದಿಂದ ತೆಗೆದು ಅವನ ಪಕ್ಕದಲ್ಲಿಟ್ಟ. “ಅಣ್ಣ, ಇದು ನಿನ್ನದು. ನಾನು ತಗೋಬಾರದಿತ್ತು. ಎಲ್ಲಾ ಹೇಳ್ದೆ, ಯಾರೂ ಕೇಳಲಿಲ್ಲ.” ಕಣ್ಣೊರೆಸಿಕೊಂಡ. ಈರುಳ್ಳಿ ಇದ್ದದ್ದರಿಂದ ಮರ್ಯಾದೆ ಉಳಿಯಿತು.

ಮುದುಕ ಫಲಕವನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಓ, ಅದಾ! ಅವತ್ತು ಏನು ಬೈಸಿಕೊಂಡೆ ಗೊತ್ತಾ? ನಾನು ಈಜಿ ದಡ ಸೇರೋ ಹೊತ್ತಿಗೆ ಮೀನು ತಳ ಹಿಡಿದು ಕರಕಲಾಗಿತ್ತು. ಅರವತ್ತು ಜನರ ಊಟ. ನಿಮ್ಮ ಸಾಹೇಬ್ರು ತಟ್ಟೆ ತಳ್ಳಿ ಎದ್ದು ಹೋದ್ರು.”

“ಹೆದರಿಕೆ ಆಗ್ಲಿಲ್ವಾ ಅಣ್ಣ? ಅಷ್ಟು ಎತ್ತರ,” ಎಂದಳು ಸೂಜಿಯಕ್ಕ.

“ಎತ್ತರ ಎಲ್ಲಿತ್ತು? ಇಪ್ಪತ್ತಡಿ ಇದ್ರೆ ಹೆಚ್ಚು. ಚಿಕ್ಕಂದಿನಲ್ಲಿ ನಾವು ಬಾವಿಗೇ ಹಾರ್ತಿದ್ವಿ. ಏಣಿ ಇಳಿಯೋಕೆ ಹೊತ್ತಾಗುತ್ತೆ ಅಂತ ಹಾರಿದೆ.” ಅವನು ಇನ್ನೊಂದು ಈರುಳ್ಳಿ ಎತ್ತಿಕೊಂಡ. “ನಾನು ಆ ಧಾರಾವಾಹಿ ನೋಡೇ ಇಲ್ಲ. ಅದು ಬರೋ ಹೊತ್ತಿಗೆ ಯಾವಾಗ್ಲೂ ಅಡುಗೆ ಮನೇಲಿ ಇರ್ತಿದ್ದೆ. ಅದಿರ್ಲಿ, ಹಾರಿದ್ದಕ್ಕೆ ಕಳ್ಳ ಸಿಕ್ಕಿದ್ನಾ?”

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು.

“ಇಲ್ಲ,” ಎಂದಳು ಸೂಜಿಯಕ್ಕ. “ದೋಣೀಲಿ ತಪ್ಪಿಸ್ಕೊಂಡ. ಆರು ಕಂತು ಆದ್ಮೇಲೆ ಸಿಕ್ಕಿದ, ಅದೂ ಅವನ ಹೆಂಡ್ತಿ ಹಿಡ್ಕೊಟ್ಳು.”

“ದಂಡ,” ಎಂದ ಮುದುಕ. ಒಳಗೆ ತಿರುಗಿ, ಊಟಕ್ಕೆ ಇನ್ನಿಬ್ಬರಿದ್ದಾರೆ ಎಂದು ಮಗಳಿಗೆ ಕೂಗಿ ಹೇಳಿದ.